ಎತ್ತರದ ಸೀಟು

ನನ್ನ ಗಂಡ ನಿದಾಲ್ ಒಂದು ಕಾರು ಕೊಳ್ಳಲು ಮಾಡಿದಷ್ಟು ವಿಚಾರಣೆಯನ್ನು ನನ್ನನ್ನು ಮದುವೆಯಾಗುವಾಗಲೂ ಮಾಡಿರಲಿಲ್ಲ. ನಮ್ಮ ಅಮ್ಮಾನ್ ನಗರದಲ್ಲಿ ಗಂಡಸರೆಲ್ಲ ಹೈಬ್ರಿಡ್ ಬ್ಯಾಟರಿಯ ಪಂಡಿತರು. ಕ್ಷೌರದಂಗಡಿಯವನು, ಕೊಂಡರೆ ಜಪಾನಿನದೇ ಕೊಳ್ಳಬೇಕು ಎಂದ. ಕೆಳಗಿನ ಮನೆಯ ಅಬು ಸಖರ್, ಅಮೆರಿಕದಲ್ಲಿ ಗುದ್ದಿಸಿಕೊಂಡು ಇಲ್ಲಿ ಬಣ್ಣ ಬಳಿಸಿಕೊಂಡ ಗಾಡಿಗಳನ್ನು ಮುಟ್ಟಲೇಬೇಡ ಎಂದು ಹೆದರಿಸಿದ. ಎಲ್ಲರ ಮಾತನ್ನೂ ತಲೆಗೆ ತುಂಬಿಕೊಂಡು ನಿದಾಲ್ ವಾರ ವಾರವೂ ಹೊರದೇಶದ ಗಾಡಿಗಳು ಬಂದಿಳಿಯುವ ಜರ್ಕಾದ ಮುಕ್ತ ವಲಯಕ್ಕೆ ಹೋಗುತ್ತಿದ್ದ. ಸಾಲಾಗಿ ನಿಂತ ಗಾಡಿಗಳ ಬಾಗಿಲು ತೆಗೆದು, ಹಾಕಿ, ಬರಿಗೈಯಲ್ಲಿ ಬರುತ್ತಿದ್ದ.

ನನಗೆ ಬ್ಯಾಟರಿಯ ಗೊಡವೆ ಬೇಕಿರಲಿಲ್ಲ. ಸೀಟು ಎತ್ತರವಿದ್ದರೆ ಸಾಕಿತ್ತು. ನಮ್ಮ ಜೊತೆಗೇ ಇರುವ ಅಪ್ಪನಿಗೆ ಸೊಂಟದ ಕೀಲು ಬದಲಿಸಿದ ಮೇಲೆ ನಮ್ಮ ಹಳೆಯ ತಗ್ಗು ಕಾರಿನೊಳಗೆ ಇಳಿದು ಕೂರುವುದು ಆಗುತ್ತಿರಲಿಲ್ಲ. ಪುಟ್ಟದೊಂದು ಎಸ್‌ಯುವಿ ಇದ್ದರೆ ನಿಂತಲ್ಲಿಂದಲೇ ಹಿಂದಕ್ಕೆ ಸರಿದು ಕೂರಬಹುದು, ಅದರಲ್ಲಿ ಅವರನ್ನು ಅಮ್ಮನ ಗೋರಿಗೆ ಕರೆದುಕೊಂಡು ಹೋಗಬಹುದು. ನನ್ನ ಆಸೆಯೆಲ್ಲ ಇಷ್ಟೇ.

ಅಮ್ಮ ಹೋದಾಗ ಅಪ್ಪ ಆಸ್ಪತ್ರೆಯಲ್ಲಿದ್ದರು. ಶಸ್ತ್ರಚಿಕಿತ್ಸೆಯ ಮಾರನೆಯ ಬೆಳಿಗ್ಗೆ ಅವರಿಗಾಗಿ ಬೇಳೆಯ ಸೂಪು ಕುದಿಸುತ್ತಿದ್ದವಳು ಒಲೆಯ ಮುಂದೆಯೇ ಕುಸಿದಳು. ನಮ್ಮಲ್ಲಿ ಸತ್ತವರನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವ ಪದ್ಧತಿಯಿಲ್ಲ. ಅಂದು ಮಧ್ಯಾಹ್ನದ ಪ್ರಾರ್ಥನೆ ಮುಗಿಯುತ್ತಲೇ ಸಲ್ತ್ ಊರಿನ ಗುಡ್ಡದ ಮೇಲೆ, ಅವಳ ತವರಿನವರ ಪಕ್ಕದಲ್ಲಿ ಮಣ್ಣು ಮಾಡಿದರು. ಸಂಜೆ ಆಸ್ಪತ್ರೆಗೆ ಹೋಗಿ ಅಪ್ಪನಿಗೆ ಹೇಳಿದವಳು ನಾನೇ. ಅವರು ಸುಮ್ಮನೆ ಕೇಳಿಸಿಕೊಂಡು, ನೀನು ಏನಾದರೂ ತಿಂದೆಯಾ ಎಂದು ನನ್ನನ್ನೇ ವಿಚಾರಿಸಿದರು. ಅಳಲಿಲ್ಲ. ಅದರಿಂದ ನನಗೆ ಭಯವಾಯಿತು.

ಆಮೇಲೆ ಪ್ರತಿ ಶುಕ್ರವಾರ ನಾನು ಕರೆಯುವುದು, ಅವರು ಅದೇ ಉತ್ತರ ಕೊಡುವುದು ನಡೆಯಿತು. ಬರುತ್ತಿದ್ದೆ ಮಗಳೇ, ಏನು ಮಾಡಲಿ, ಈ ಕಾರು ತಗ್ಗು. ಹಬ್ಬ ಹತ್ತಿರ ಬರುತ್ತಿತ್ತು. ಹಬ್ಬದ ಬೆಳಿಗ್ಗೆ ಊರಿಗೆ ಊರೇ ಗೋರಿಗಳ ಹತ್ತಿರ ಇರುತ್ತದೆ, ಅಮ್ಮನ ಹತ್ತಿರ ಮಾತ್ರ ಅವಳ ಗಂಡ ಇರುವುದಿಲ್ಲ ಎಂದು ನಾನು ದಿನ ಎಣಿಸುತ್ತಿದ್ದೆ. ನನಗೆ ಮೊದಲೇ ತಾಳ್ಮೆ ಕಡಿಮೆ. ಹಬ್ಬದೊಳಗೆ ಗಾಡಿ ಬಾಗಿಲಿಗೆ ಬರದಿದ್ದರೆ ಬ್ಯಾಟರಿಯ ಜೊತೆಗೇ ಸಂಸಾರ ಮಾಡಿಕೋ ಎಂದು ನಿದಾಲ್‌ಗೆ ಹೇಳಿಬಿಟ್ಟೆ.

ಆ ಮಾತು ನಾಟಿತು. ಮುಂದಿನ ವಾರ ಅವನು ಬೂದು ಬಣ್ಣದ ಗಾಡಿಯೊಂದನ್ನು ಮನೆಯ ಮುಂದೆ ತಂದು ನಿಲ್ಲಿಸಿದ. ಬ್ಯಾಟರಿ ಪರೀಕ್ಷೆಯಾಗಿತ್ತು, ಅಬು ಸಖರ್ ಕೂಡ ಹುಡುಕಿ ಹುಡುಕಿ ತಪ್ಪು ಸಿಗದೆ ಪೆಚ್ಚಾಗಿದ್ದ. ಸಲ್ತ್ ದಾರಿಯ ಇಳಿಜಾರಿನಲ್ಲಿ ಇದರ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ ಎಂದು ನಿದಾಲ್ ತಾನೇ ಕಂಡುಹಿಡಿದವನಂತೆ ವಿವರಿಸಿದ. ಮಾರುವವನು ಒಂದು ದಿನ ನೋಡಿ ಹೇಳಿ ಎಂದು ಬಿಟ್ಟುಕೊಟ್ಟಿದ್ದ.

ಅಪ್ಪ ಕೋಲೂರಿಕೊಂಡು ಬಂದರು. ಬಾಗಿಲ ಬಳಿ ತಿರುಗಿ ನಿಂತು ಹಿಂದಕ್ಕೆ ಸರಿದರು, ಯಾರ ಕೈಯೂ ಹಿಡಿಯದೆ ಕೂತರು, ಕಾಲುಗಳನ್ನು ತಾವೇ ಒಳಗೆ ಎಳೆದುಕೊಂಡರು. ನಾನು ಬೀದಿಯಲ್ಲಿ ನಿಂತು ಅತ್ತೆ. ಅಪ್ಪನ ಮುಖ ಮಾತ್ರ ಬಿಳಚಿಕೊಂಡಿತ್ತು. ಸ್ವಲ್ಪ ಹೊತ್ತಿಗೇ ಇಳಿಸಿ ಎಂದರು. ನೋವಾಯಿತೇ ಎಂದು ಕೇಳಿದೆ. ಇಲ್ಲ ಎಂದರು.

ಅಂದು ಸಂಜೆ ಅವರು ಕೋಟು ತೊಟ್ಟು, ತಲೆಗೆ ಕೆಂಪು ಚೌಕಳಿಯ ವಸ್ತ್ರ ಸುತ್ತಿ, ನಮ್ಮದೇ ಮನೆಯ ಹಜಾರಕ್ಕೆ ನೆಂಟರ ಹಾಗೆ ಬಂದು ಕೂತರು. ಅಳಿಯನನ್ನು ಕರೆಸಿದರು. ನಾನು ಕಹಿ ಕಾಫಿ ತಂದುಕೊಟ್ಟೆ. ಅವರು ಬಟ್ಟಲನ್ನು ತುಟಿಗೆ ತಾಗಿಸದೆ ಮುಂದೆ ಇಟ್ಟರು.

ನಮ್ಮಲ್ಲಿ ಹೆಣ್ಣು ಕೇಳಲು ಬಂದವರು, ಕೊಲೆಯ ರಾಜಿಗೆ ಬಂದವರು ಹೀಗೆ ಬಟ್ಟಲು ಕೆಳಗಿಡುತ್ತಾರೆ. ಕೋರಿಕೆ ನಡೆಸಿಕೊಡುತ್ತೇನೆ ಎಂದು ಮನೆಯವನು ಹೇಳುವ ತನಕ ಕುಡಿಯುವುದಿಲ್ಲ. ಹೇಳಿದ ಮೇಲೆ ಮನೆಯವನು ಹಿಂದೆ ಸರಿಯುವ ಮಾತೇ ಇಲ್ಲ. ನಿದಾಲ್ ನನ್ನ ಕಡೆ ನೋಡಿ ನಕ್ಕ. ಮುದುಕನಿಗೆ ಗಾಡಿ ಹಿಡಿಸಿದೆ, ಬಾಯಿಬಿಟ್ಟು ಕೇಳಲು ನಾಚಿಕೆ ಎಂದುಕೊಂಡ. ನಾನೂ ಹಾಗೆಯೇ ತಿಳಿದೆ.

"ಕುಡೀರಿ ಮಾವ. ನೀವೇನ್ ಕೇಳಿದ್ರೂ ಕೊಟ್ಟೆ ಅಂತ್ಲೇ ತಿಳ್ಕೊಳ್ಳಿ" ಎಂದ.

ಅಪ್ಪ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದರು.

"ಆ ಗಾಡಿ ವಾಪಸ್ ಕೊಟ್ಬಿಡಪ್ಪ" ಎಂದರು.

ನಿದಾಲ್‌ನ ನಗು ಮುಖದ ಮೇಲೆಯೇ ಉಳಿದುಹೋಯಿತು. ನನಗೆ ತಡೆಯಲಾಗಲಿಲ್ಲ. ಮಾತು ಕೊಟ್ಟವನು ಅವನು, ನಾನಲ್ಲ, ಹಬ್ಬಕ್ಕೆ ನಿಮ್ಮನ್ನು ಹೊತ್ತುಕೊಂಡಾದರೂ ಹೋಗುತ್ತೇನೆ ಎಂದು ಕೂಗಾಡಿದೆ. ಇಷ್ಟು ವರ್ಷ ನಿಮ್ಮ ಬಟ್ಟೆ ಒಗೆದವಳ ಹತ್ತಿರ ಒಂದು ಸಲ ಹೋಗಲು ನಿಮಗೇನು ಕಷ್ಟ ಎಂದೂ ಅಂದುಬಿಟ್ಟೆ. ಅಪ್ಪ ನನಗೆ ಬಯ್ಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡರು.

"ಇಬ್ತಿಸಾಮ್, ನೀವೆಲ್ಲ ಅವಳನ್ನ ಮಣ್ಣಿಗಿಟ್ಟದ್ದು ನೋಡಿದೀರಿ. ನಾನು ನೋಡಿಲ್ಲ. ಆಪರೇಷನ್ನಿಗೆ ಹೋಗೋವಾಗ ಬಾಗ್ಲಲ್ಲಿ ನಿಂತು, ಬೇಗ ಬನ್ನಿ ಅಂದ್ಲು. ನಾನು ಕಂಡಿದ್ದು ಅಷ್ಟೇ. ವಾಪಸ್ ಬಂದಾಗ ಮನೇಲಿರ್ಲಿಲ್ಲ. ಸಲ್ತಿಗೆ ತಂಗಿ ಮನೆಗೆ ಹೋಗಿದಾಳೆ, ಮಾತು ಮುಗಿದಿಲ್ಲ, ನಾಳೆ ಬರ್ತಾಳೆ ಅಂದ್ಕೊಂಡು ಮಲಗ್ತೀನಿ. ಹುಚ್ಚಲ್ಲ, ಎಲ್ಲಾ ಗೊತ್ತು ನಂಗೆ. ಆದ್ರೆ ಆ ಕಲ್ಲಿನ ಮೇಲೆ ಅವಳ ಹೆಸರು ನೋಡ್ಬಿಟ್ರೆ ಆಮೇಲೆ ಹಾಗೆ ಅಂದ್ಕೊಳ್ಳೋಕಾಗಲ್ಲ. ಕಾರು ತಗ್ಗು ಅಂತ ಹೇಳ್ಕೊಂಡಿದ್ದೆ. ಅದೊಂದನ್ನ ನಂಗೆ ಬಿಡು ಮಗಳೇ."

ಅವರ ಮೇಲಿನ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತ್ತು. ಇಷ್ಟು ದಿನ ನಾನು ಅವರನ್ನು ಅಮ್ಮನ ಹತ್ತಿರ ಕರೆದುಕೊಂಡು ಹೋಗಲು ಹೊರಟಿದ್ದೆನೋ, ಅಮ್ಮನನ್ನು ಅವರಿಂದ ಕಿತ್ತುಕೊಳ್ಳಲು ಹೊರಟಿದ್ದೆನೋ, ತಿಳಿಯಲಿಲ್ಲ.

ನಿದಾಲ್ ಮಾರನೆಯ ದಿನ ಗಾಡಿ ಹಿಂದಿರುಗಿಸಿ ಬಂದ. ಬೀದಿಯವರೆಲ್ಲ ಕಾರಣ ಕೇಳಿದರು. ಅವನು ಬ್ಯಾಟರಿ ಸರಿಯಿಲ್ಲ ಎಂದು ಹೇಳಿದ. ತಾನೇ ನೋಡಿ ತಪ್ಪಿಲ್ಲವೆಂದ ಗಾಡಿಗೆ ಹೀಗೆ ಹೇಳಿದನೆಂದು ಅಬು ಸಖರ್ ಸಿಟ್ಟಾಗಿ ಇವನ ಜೊತೆ ಮಾತು ಬಿಟ್ಟ.

ಹಬ್ಬದ ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತು ನಮ್ಮನ್ನು ಕಳುಹಿಸಿಕೊಟ್ಟರು. ಹಳೆಯ ಕಾರಿನಲ್ಲಿ ನಾವಿಬ್ಬರೇ ಸಲ್ತ್‌ಗೆ ಹೋದೆವು. ಗುಡ್ಡದ ತುಂಬ ಜನ. ನಿದಾಲ್ ಪ್ರಾರ್ಥನೆ ಹೇಳಿ ಸ್ವಲ್ಪ ದೂರ ಹೋಗಿ ನಿಂತ. ನಾನು ಕಲ್ಲಿನ ಮೇಲಿದ್ದ ಧೂಳನ್ನು ತಲೆವಸ್ತ್ರದ ತುದಿಯಿಂದ ಒರೆಸಿದೆ. ವಿದಾದ್ ಎಂಬ ಅಮ್ಮನ ಹೆಸರು ಕಾಣಿಸಿತು. ಪಕ್ಕದ ಗೋರಿಗಳ ಹತ್ತಿರ ಮುದುಕರು ಕೂತು ಕುರಾನ್ ಓದುತ್ತಿದ್ದರು. ಅಮ್ಮನಿಗೆ ಏನಾದರೂ ಹೇಳಲೇಬೇಕಿತ್ತು.

"ಬರ್ತಿದ್ರು ಅಮ್ಮಾ" ಎಂದೆ. "ನಮ್ಮ ಕಾರು ತಗ್ಗು."