ಐವತ್ತೆರಡು ನಿಮಿಷ

ಸೈರನ್ನಿನ ಕೂಗು ನಿಲ್ಲುವ ಹೊತ್ತಿಗೆ ಹಡ್ಲು ಕಾಲೋನಿಯ ಇಪ್ಪತ್ತಾರು ಮನೆಯವರೂ ಹೊರಗೆ ಬಂದು ನಿಂತಿದ್ದರು. ಮೇ ತಿಂಗಳ ಬಿಸಿಲು. ಪಕ್ಕದಲ್ಲಿ ಭದ್ರಾ ಹೊಳೆ ಬಂಡೆಗಳ ಸಂದಿಯಲ್ಲಿ ಇದ್ದೂ ಇಲ್ಲದಂತೆ ಹರಿಯುತ್ತಿತ್ತು. ಆದರೂ ಇವತ್ತು ತಾಲೀಮಿಗಾಗಿ ನೆರೆ ಬಂದಿದೆ ಎಂದು ಎಲ್ಲರೂ ತಿಳಿದುಕೊಳ್ಳಬೇಕಿತ್ತು. ಕಿತ್ತಳೆ ಬಣ್ಣದ ಜಾಕೆಟ್ಟಿನ ಇಬ್ಬರು ಗಿಡ್ಡಯ್ಯನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಏನೂ ಆಗದ ಅವನ ಬಲಗಾಲಿಗೆ ಬ್ಯಾಂಡೇಜು ಸುತ್ತುತ್ತಿದ್ದರು.

"ಎಡಗಾಲಿಗೆ ಸುತ್ತಿ ಮಾರಾಯ್ರೆ," ಅಂದ ಗಿಡ್ಡಯ್ಯ. "ನೋವಿರೋದು ಅದ್ರಲ್ಲಿ. ಹೆಂಗೂ ಸುತ್ತುತ್ತೀರಲ್ಲ."

ಪಂಚಾಯ್ತಿಯ ಕಾಂತೇಶ ಕೈಮೈಕು ಹಿಡಿದು ಎಲ್ಲರನ್ನೂ ಗುಡ್ಡದ ಕಡೆಗೆ ಅಟ್ಟುತ್ತಿದ್ದ. ಕಾಲೋನಿಯ ಹಿಂದೆಯೇ ಕರಿಬಸವಯ್ಯನವರ ಕಾಫಿ ತೋಟ. ತೋಟಕ್ಕೆ ಆಳೆತ್ತರದ ಕಬ್ಬಿಣದ ಗೇಟು. ಗೇಟು ದಾಟಿ ಕಾಫಿ ಗಿಡಗಳ ನಡುವಿನ ದಾರಿ ಹಿಡಿದರೆ ಮೇಲಿನ ಶಾಲೆ. ಗೇಟು ಇವತ್ತು ಎರಡೂ ಬಾಗಿಲು ತೆರೆದುಕೊಂಡು ನಿಂತಿತ್ತು. ಯಾರೋ ಅದಕ್ಕೆ ಮಾವಿನೆಲೆಯನ್ನೂ ಕಟ್ಟಿದ್ದರು.

ಸೀತಕ್ಕ ಆ ಮಾವಿನೆಲೆಯನ್ನು ಸ್ವಲ್ಪ ಹೊತ್ತು ನೋಡಿದಳು. ಎಲ್ಲರ ಜೊತೆ ನಾಲ್ಕು ಹೆಜ್ಜೆ ನಡೆದಳು ಕೂಡ. ಆಮೇಲೆ ಸೆರಗನ್ನು ತಲೆಗೆ ಎಳೆದುಕೊಂಡು, ಯಾರಿಗೂ ಏನೂ ಹೇಳದೆ, ಹೊಳೆ ಬದಿಯ ಗಾಡಿದಾರಿಗೆ ತಿರುಗಿದಳು.

"ಅತ್ತೆ, ಆ ಕಡೆ ಎಂತಕ್ಕೆ?" ಎಂದು ಸೊಸೆ ಸರೋಜ ಕೂಗಿದಳು. ಅವಳ ಕಂಕುಳಲ್ಲಿ ನಾಲ್ಕು ತಿಂಗಳ ಮಗು. ಹಿಂದಿನಿಂದ ಸ್ಟ್ರೆಚರಿನವರು ದಾರಿ ಬಿಡಿ ಎಂದು ತಳ್ಳಿದ್ದರಿಂದ ನಿಲ್ಲಲಾಗಲಿಲ್ಲ.

ಗಾಡಿದಾರಿ ಹೊಳೆಯ ಜೊತೆಗೇ ಹೋಗುತ್ತದೆ. ಒಂದು ಮೈಲಿ ಹೋದ ಮೇಲೆ ಮೋರಿ, ಮೋರಿ ದಾಟಿ ಟಾರು ರಸ್ತೆ, ಟಾರು ರಸ್ತೆಯಲ್ಲಿ ಕರಿಬಸವಯ್ಯನವರ ಮನೆಯ ಮುಂದೆ ಹಾದು ಮತ್ತೆ ಏರು ಹತ್ತಿದರೆ ಶಾಲೆ. ಸೀತಕ್ಕ ಬೇಗ ನಡೆಯಲಿಲ್ಲ, ನಿಧಾನವನ್ನೂ ಮಾಡಲಿಲ್ಲ. ಐವತ್ತೆಂಟರ ಮಂಡಿ ಎಷ್ಟು ಬಿಡುತ್ತದೋ ಅಷ್ಟು ನಡೆದಳು.

ಐದು ವರ್ಷದ ಹಿಂದಿನ ಆಗಸ್ಟಿನ ಒಂದು ರಾತ್ರಿ ಹೊಳೆ ಕಾಲೋನಿಗೆ ನುಗ್ಗಿದಾಗ ಸೈರನ್ನೂ ಇರಲಿಲ್ಲ, ಕರೆಂಟೂ ಇರಲಿಲ್ಲ, ಫೋನಿನ ಟವರ್ ಎರಡು ದಿನದಿಂದ ಸತ್ತಿತ್ತು. ಎಲ್ಲರೂ ಮುದುಕರನ್ನು ಹೊತ್ತುಕೊಂಡು, ಕೂಸುಗಳನ್ನು ಎತ್ತಿಕೊಂಡು ಇದೇ ಗೇಟಿನ ಮುಂದೆ ಬಂದು ನಿಂತಿದ್ದರು. ಗೇಟಿಗೆ ಸರಪಳಿ, ಸರಪಳಿಗೆ ಬೀಗ, ಎರಡೂ ಪಕ್ಕಕ್ಕೆ ಆನೆ ನುಗ್ಗದಂತೆ ಹಾಕಿದ ಎತ್ತರದ ಬೇಲಿ. ಗೇಟು ಮುರಿಯಬಹುದಿತ್ತು. ಅರವತ್ತು ಜನ ದುಡಿಯುವ ಮೈಯವರು ಅಲ್ಲಿದ್ದರು. ಆದರೆ ಆ ಅರವತ್ತು ಜನವೂ ದುಡಿಯುತ್ತಿದ್ದದ್ದು ಅದೇ ತೋಟದಲ್ಲಿ. ಗೇಟಿಗೆ ಕೈಹಚ್ಚಿದವನಿಗೆ ಮಾರನೆಯ ದಿನ ಕೆಲಸವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನೀರು ಹಿಮ್ಮಡಿಗೆ ಬಂದು, ಮೀನಖಂಡಕ್ಕೆ ಬಂದರೂ ಅವರು ಕಬ್ಬಿಣವನ್ನು ಮುಟ್ಟದೆ ನಿಂತಿದ್ದರು. ಸೀತಕ್ಕನೂ ನಿಂತಿದ್ದಳು. ಕೊನೆಗೆ ಅವಳ ಗಂಡ, "ಅಯ್ನೋರ ಮನೆಗೋಗಿ ಕೀಲಿ ಇಸ್ಕೊಂಡು ಬತ್ತೀನಿ" ಎಂದು ಈ ಗಾಡಿದಾರಿಯಲ್ಲಿ ಹೊರಟ. ನೀರು ಮೀನಖಂಡಕ್ಕೆ ನಿಂತು, ಬೆಳಕು ಹರಿದ ಮೇಲೆ ಕರಿಬಸವಯ್ಯನವರೇ ಬಂದು ಗೇಟು ತೆಗೆದರು. ಗಂಡ ಮೋರಿ ದಾಟಿರಲಿಲ್ಲ. ಮೂರನೆಯ ದಿನ ಸಿಕ್ಕಿದ.

ಮೋರಿಯ ಕಟ್ಟೆ ಕಾದಿತ್ತು. ಸೀತಕ್ಕ ಅದರ ಮೇಲೆ ಕೂರಲಿಲ್ಲ. ಅಷ್ಟರಲ್ಲಿ ಎದುರಿನಿಂದ ಬೈಕು ಬಂತು. ಕಾಂತೇಶ.

"ಸೀತಕ್ಕ, ಎಂತ ಮಾಡ್ತಿದೀರಿ ನೀವು? ಬೇಗ ಹತ್ತಿ. ನಿಮ್ಮೊಬ್ರಿಂದ ಗಡಿಯಾರ ನಿಂತಿಲ್ಲ ಅಲ್ಲಿ."

"ನೀರು ಬಂದ ದಿನ ಬೈಕ್ ತರ್ತೀಯಾ?"

"ಅದೆಲ್ಲ ಆಮೇಲೆ ಮಾತಾಡನ."

"ಹಂಗಾದ್ರೆ ನಾನು ನಡ್ಕೊಂಡೇ ಬತ್ತೀನಿ. ನೀ ಹೋಗು ತಮ್ಮ."

ಶಾಲೆಯ ಅಂಗಳದಲ್ಲಿ ಶಾಮಿಯಾನ, ನಾಲ್ಕು ದೇಶಗಳ ಬಾವುಟವಿದ್ದ ಬ್ಯಾನರು. ಘಟ್ಟದ ನೆತ್ತಿಯಲ್ಲಿ ಮಳೆ ಅಳೆಯುವ ಯಂತ್ರ ಇಟ್ಟಿದ್ದರು. ಅದರ ಅಳತೆ ಸಮುದ್ರದಾಚೆಯ ಯಾವುದೋ ಊರಿನ ಕಂಪ್ಯೂಟರಿಗೆ ಹೋಗಿ, ಹೊಳೆ ಎಷ್ಟು ಏರುತ್ತದೆ ಎಂಬ ಲೆಕ್ಕವಾಗಿ, ಕಾಲೋನಿಯ ಕಂಬದ ಸೈರನ್ನಿಗೆ ಬರಲು ಎರಡೇ ನಿಮಿಷ ಸಾಕು. ಸೈರನ್ ಕೂಗಿದ ಮೇಲೆ ಜನ ಎಷ್ಟು ಹೊತ್ತಿಗೆ ಶಾಲೆ ಮುಟ್ಟುತ್ತಾರೆ ಎಂದು ನೋಡಲು ಯುರೋಪಿನಿಂದ ಹಾನ್ನಾ ಎಂಬ ಹೆಂಗಸು ಬಂದಿದ್ದಳು. ಇಪ್ಪತ್ತು ನಿಮಿಷದೊಳಗೆ ಕೊನೆಯ ಮನುಷ್ಯನೂ ಬಂದರೆ ಸೈರನ್ನು ಕಾಲೋನಿಗೆ ಖಾಯಂ. ತೊಂಬತ್ತೆರಡು ಜನ ಹನ್ನೊಂದನೇ ನಿಮಿಷಕ್ಕೆ ಬಂದು ಉಪ್ಪಿಟ್ಟು ತಿಂದು ಮುಗಿಸಿದ್ದರು. ಪಟ್ಟಿಯಲ್ಲಿದ್ದದ್ದು ತೊಂಬತ್ತಮೂರು.

ಸೀತಕ್ಕ ಶಾಲೆಯ ಅಂಗಳಕ್ಕೆ ಕಾಲಿಟ್ಟಾಗ ಹಾನ್ನಾ ಕೈಯಲ್ಲಿದ್ದ ಗಡಿಯಾರ ಒತ್ತಿದಳು. ಐವತ್ತೆರಡು. ಅವಳು ಕೇಳಿದ್ದನ್ನು ಪಕ್ಕದಲ್ಲಿದ್ದ ಜ್ಯೋತ್ಸ್ನಾ, ಸೈರನ್ ಯೋಜನೆಯವರೇ ಕೊಪ್ಪದಿಂದ ಕರೆತಂದಿದ್ದ ಹುಡುಗಿ, ಕನ್ನಡದಲ್ಲಿ ಹೇಳಿದಳು: "ಯಾಕೆ ಬೇರೆ ದಾರೀಲಿ ಬಂದ್ರಿ ಅಂತ ಕೇಳ್ತಿದಾರೆ."

ಸೀತಕ್ಕ ನೀರು ಕುಡಿದು ಮುಗಿಸಿದಳು.

"ಇವತ್ತು ಇವ್ರು ಬಂದಾರೆ ಅಂತ ಗೇಟ್ ತೆಗ್ದಾರೆ. ನಾಳೆ ಬೀಗ ಬೀಳ್ತದೆ. ನೀರು ಬಂದ ದಿನ ಇರೋ ದಾರೀಲಿ ನಾ ಬಂದೆ. ಅಷ್ಟೇ."

ಜ್ಯೋತ್ಸ್ನಾ ಕಾಂತೇಶನ ಮುಖ ನೋಡಿದಳು. ಅವನು ಬೇಡ ಎಂಬಂತೆ ಕಣ್ಣು ಮಾಡಿದ. ಆದರೂ ಅವಳು ಪೂರ್ತಿ ಹೇಳಿದಳು. ಹಾನ್ನಾ ಮತ್ತೆರಡು ಪ್ರಶ್ನೆ ಕೇಳಿ, ಮುಂದಿನ ಸಾಲಿನಲ್ಲಿ ಕೂತಿದ್ದ ಕರಿಬಸವಯ್ಯನವರ ಕಡೆ ತಿರುಗಿದಳು.

ಕರಿಬಸವಯ್ಯನವರು ಶಲ್ಯ ಸರಿ ಮಾಡಿಕೊಂಡರು. "ನಾನೇನು ಕಟುಕನಾ? ಅವತ್ತು ಗೊತ್ತಾಗಿದ್ರೆ ತೆಗೀತಿರ್ಲಿಲ್ವಾ? ಹೋದ ವರ್ಷ ನಲವತ್ತು ಬಳ್ಳಿ ಮೆಣಸು ಕೊಯ್ಕೊಂಡು ಹೋದ್ರು. ಯಾರನ್ನೂ ಕಳ್ಳರು ಅನ್ನಲ್ಲ ನಾನು. ಆದ್ರೆ ಗೇಟ್ ಬಿಟ್ಟು ಮಲ್ಗಿ ಅಂದ್ರೆ ಹೆಂಗೆ? ಬೇಕಾದ್ರೆ ಒಂದು ಕೀಲಿ ಕಾಂತೇಶನ ಕೈಲಿ ಕೊಡ್ತೀನಿ. ಪಂಚಾಯ್ತಿ ಬೀರುವಿನಲ್ಲಿ ಭದ್ರವಾಗಿ ಇರ್ಲಿ."

"ಪಂಚಾಯ್ತಿ ಎಷ್ಟೊತ್ತಿಗೆ ತೆಗೀತಾರೆ?" ಎಂದು ಸೀತಕ್ಕ ಕೇಳಿದಳು.

"ಹತ್ತೂವರೆ," ಅಂದ ಕಾಂತೇಶ, ಮೆತ್ತಗೆ.

"ಭಾನುವಾರ ರಜಾ," ಎಂದು ಸ್ಟ್ರೆಚರಿನ ಮೇಲಿಂದ ಗಿಡ್ಡಯ್ಯ ಸೇರಿಸಿದ. "ಸಮುದ್ರ ದಾಟಿ ಎರಡು ನಿಮಿಷಕ್ಕೆ ಬರೋ ಸುದ್ದಿಗೆ ಈ ಒಂದು ಗೇಟ್ ದಾಟಕ್ಕೆ ಆಗಲ್ಲ ನೋಡು ಮಾರಾಯ."

ಕಾಂತೇಶ ಇನ್ನೊಂದು ಸಲ ಮಾಡೋಣ, ಎಲ್ಲರೂ ಕೆಳಗಿಳಿದು ಗೇಟಿನ ದಾರಿಯಲ್ಲೇ ಬರಲಿ ಎಂದ. ಸೀತಕ್ಕನ ಹತ್ತಿರ ಬಂದು ಬಗ್ಗಿ, "ಐವತ್ತೆರಡು ಅಂತ ಬರೆದ್ರೆ ಸೈರನ್ ಕಿತ್ಕೊಂಡು ಬೇರೆ ಊರಿಗೆ ಕೊಡ್ತಾರೆ. ಕಾಲು ಹಿಡ್ಕಂತೀನಿ ಸೀತಕ್ಕ," ಎಂದ.

ಸರೋಜ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು ಬಂದಳು. "ಹೋಗಿ ಬರನ ಅತ್ತೆ. ಗೇಟ್ ಇರ್ಲಿ ಬಿಡ್ಲಿ, ಕೂಗಾದ್ರೂ ಇರ್ಲಿ ನಮ್ಗೆ."

"ಕೂಗು ಕೇಳಿ ಬಂದು ಗೇಟಿನ ಮುಂದೆ ನಿಂತ್ಕಳನಾ? ನಿಂತು ನೋಡೀವಿ ಒಂದ್ಸಲ."

"ನಿಮ್ಗೆ ನಿಮ್ಮ ಗಂಡನದ್ದೊಂದೇ. ನನ್ನ ಕೂಸಿನ್ನೂ ಬದ್ಕಬೇಕು."

ಸೀತಕ್ಕ ಎರಡನೇ ಸಲ ನಡೆಯಲಿಲ್ಲ. ಶಾಮಿಯಾನದ ನೆರಳಿನಲ್ಲಿ ನೆಲದ ಮೇಲೆ ಕೂತು ಮಂಡಿ ನೀವಿಕೊಂಡಳು. ಹಾನ್ನಾ ಕಾಗದದಲ್ಲಿ ಐವತ್ತೆರಡು ಎಂದು ಬರೆದು ಸಹಿ ಹಾಕಿದಳು. ಜೂನ್ ಐದರೊಳಗೆ ಗೇಟಿನ ದಾರಿ ಸದಾ ತೆರೆದಿರುತ್ತದೆ ಎಂದು ಬರವಣಿಗೆಯಲ್ಲಿ ಬಂದರೆ ಸೈರನ್ ಇರುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿಸಿದಳು. ಕರಿಬಸವಯ್ಯನವರು ಎದ್ದು ನಿಂತು, "ಸೈರನ್ ಬೇಕು ಅಂತ ನಾ ಕೇಳಿರ್ಲಿಲ್ಲ," ಎಂದು ಕಾರಿನ ಕಡೆ ನಡೆದರು.

ಜನ ಮನೆಗೆ ಇಳಿಯುವಾಗ ಗೇಟಿಗೆ ಆಗಲೇ ಬೀಗ ಬಿದ್ದಿತ್ತು. ತೊಂಬತ್ತಮೂರು ಜನವೂ ಟಾರು ರಸ್ತೆ ಸುತ್ತಿ, ಮೋರಿ ದಾಟಿ, ಗಾಡಿದಾರಿಯಲ್ಲಿ ಮನೆ ಸೇರಿದರು. ದಾರಿಯುದ್ದಕ್ಕೂ ಯಾರೂ ಸೀತಕ್ಕನ ಜೊತೆ ಮಾತಾಡಲಿಲ್ಲ.

ಆಮೇಲೂ ಮಾತಾಡಲಿಲ್ಲ. ನಲ್ಲಿಯ ಹತ್ತಿರ ಅವಳು ಬಂದರೆ ಕೊಡಗಳು ಪಕ್ಕಕ್ಕೆ ಸರಿಯುತ್ತಿದ್ದವು. ಸರೋಜ ಊಟ ಬಡಿಸಿ ಒಳಗೆ ಹೋಗುತ್ತಿದ್ದಳು. ಜೂನ್ ಐದು ಬಂತು, ಬರವಣಿಗೆ ಬರಲಿಲ್ಲ. ಆರರ ಮಧ್ಯಾಹ್ನ ಜೀಪಿನಲ್ಲಿ ಇಬ್ಬರು ಬಂದು ಸೈರನ್ನನ್ನೂ ಬ್ಯಾಟರಿಯನ್ನೂ ಬಿಚ್ಚಿಕೊಂಡು ಜಯಪುರದ ಕಡೆಗೆ ಹೋದರು. ಬರಿ ಕಂಬ ಉಳಿಯಿತು. ಆವತ್ತು ಸಂಜೆಯೇ ಘಟ್ಟದ ಮೇಲೆ ಮೋಡ ಕಟ್ಟಿ ಗುಡುಗಿತು.

ಮರುದಿನ ಬೆಳಿಗ್ಗೆ ತೋಟದ ಕೆಲಸಕ್ಕೆ ಇನ್ನೂ ಒಂದು ಗಂಟೆ ಇರುವಾಗ ಸೀತಕ್ಕ ಹಾರೆ ಹಿಡಿದುಕೊಂಡು ಗೇಟಿನ ಹತ್ತಿರ ಹೋದಳು. ಬೀಗದ ಕಡೆ ಅವಳು ನೋಡಲಿಲ್ಲ. ಇನ್ನೊಂದು ಪಕ್ಕಕ್ಕೆ ಹೋಗಿ, ಬಾಗಿಲು ಕಂಬದ ಕೊಕ್ಕೆಯ ಮೇಲೆ ಕೂತಿದ್ದ ಜಾಗವನ್ನು ಕೈಯಿಂದ ಸವರಿದಳು. ಕೆಳಗೆ ಹಾರೆಯ ಮೊನೆ ಇಟ್ಟು ಮೀಟಿದಳು. ಬಾಗಿಲು ಒಂದು ಬೆರಳು ಎದ್ದು ಮತ್ತೆ ಕೂತಿತು. ಇನ್ನೊಮ್ಮೆ ಮೀಟಿದಳು. ಮತ್ತೆ ಕೂತಿತು.

ಹಿಂದೆ ಸದ್ದಾಯಿತು. ಸರೋಜ ಮಗುವನ್ನು ಗಿಡ್ಡಯ್ಯನ ಹೆಂಡತಿಯ ಕೈಗೆ ಕೊಟ್ಟು ಬರುತ್ತಿದ್ದಳು. ಬಂದವಳು ಅತ್ತೆಯ ಮುಖ ನೋಡದೆ ಬಾಗಿಲಿನ ಕೆಳಗಿನ ಪಟ್ಟಿಗೆ ಎರಡೂ ಕೈ ಹಾಕಿ ಬಗ್ಗಿದಳು.

"ಎತ್ತಿ," ಅಂದಳು.

ಗಿಡ್ಡಯ್ಯ ಕುಂಟುತ್ತ ಬಂದ. "ತಡೀರಿ. ಹೆಂಗಸ್ರು ಎತ್ತಿದ್ರು, ಗಿಡ್ಡಯ್ಯ ನೋಡ್ತಾ ನಿಂತಿದ್ದ ಅಂತ ಕೇಸಲ್ಲಿ ಬರೀತಾರೆ." ಅವನ ಹಿಂದೆ ಇನ್ನೂ ನಾಲ್ಕೈದು ಜನ. ಯಾರೂ ಯಾರನ್ನೂ ಕರೆದಿರಲಿಲ್ಲ. ಕಬ್ಬಿಣ ಕಿರುಗುಟ್ಟುತ್ತ ಕೊಕ್ಕೆ ಬಿಟ್ಟು ಮೇಲೆ ಬಂತು. ಎಲ್ಲರೂ ಸೇರಿ ಅದನ್ನು ಬೀಳಿಸದೆ, ಸದ್ದಾಗದಂತೆ, ಹೆಣ ಇಳಿಸುವಷ್ಟು ನಿಧಾನವಾಗಿ ಹುಲ್ಲಿನ ಮೇಲೆ ಮಲಗಿಸಿದರು. ಅಷ್ಟು ಸುಲಭವಿತ್ತು. ಎದುರುಬದುರು ನಿಂತವರು ಒಬ್ಬರನ್ನೊಬ್ಬರು ನೋಡಲಾರದೆ ಕೈಗಂಟಿದ ತುಕ್ಕನ್ನು ಬಟ್ಟೆಗೆ ಒರೆಸಿಕೊಂಡರು.

ತೋಟದ ಹಾಜರಿ ಬರೆಯುವ ರೈಟರ್ ನಿತೀಶ್ ಮೇಲಿನ ದಾರಿಯಲ್ಲಿ ಕೊಡೆ ಹಿಡಿದು ನಿಂತಿದ್ದ. ಯಾವಾಗ ಬಂದನೋ.

"ಅಯ್ನೋರಿಗೆ ಹೇಳ್ಬೇಕಾಗ್ತದೆ ಸೀತಕ್ಕ," ಅಂದ. "ಇವತ್ತು ಕೆಲ್ಸಕ್ಕೆ ಬರೋದು ಬೇಡ ಅಂತಾರೆ. ಯಾರೂ."

"ಹೇಳು ಮಾರಾಯ. ಬೀಗ ಮುಟ್ಟಿಲ್ಲ ಅಂತಾನೂ ಹೇಳು."

ನಿತೀಶ್ ಫೋನು ತೆಗೆದು, ಸಿಗ್ನಲ್ ಸಿಗುವ ಕಡೆಗೆ ಏರು ಹತ್ತಿದ. ಯಾರೂ ಮನೆಗೆ ಹೋಗಲಿಲ್ಲ. ಸೀತಕ್ಕ ಹಾರೆಯನ್ನು ಪಕ್ಕಕ್ಕಿಟ್ಟು ಒದ್ದೆ ಹುಲ್ಲಿನ ಮೇಲೆ ಕೂತಳು. ಸರೋಜ ಮಗುವನ್ನು ಇಸಿದುಕೊಂಡು ಅವಳ ಪಕ್ಕದಲ್ಲೇ ಕೂತು ಹಾಲು ಕುಡಿಸತೊಡಗಿದಳು. ಮಳೆ ಹನಿ ಒಂದೊಂದೇ ಬೀಳುತ್ತಿತ್ತು. ಕಾಲೋನಿಯ ಎರಡು ಹೇಂಟೆಗಳು ಅವರನ್ನು ಸುತ್ತು ಹಾಕಿ, ಮಲಗಿದ್ದ ಕಬ್ಬಿಣದ ಸರಳುಗಳ ಮೇಲೆ ಕಾಲಿಡುತ್ತ ದಾಟಿ, ಕಾಫಿ ಗಿಡಗಳ ಬುಡದ ತರಗೆಲೆಯನ್ನು ಕೆದಕತೊಡಗಿದವು.