ಸುರಂಗದಲ್ಲಿ ಇಳಿದ ಪ್ರಯಾಣಿಕ

ಟೈಲರ್ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದನ್ನು ಆ ಬೀದಿಯಲ್ಲಿ ಕಂಡವರಿಲ್ಲ. ಮದುವೆಗೆಂದು ಹೊಲಿಯಲು ಕೊಟ್ಟ ಕೋಟು ಮಗು ಹುಟ್ಟಿದ ಮೇಲೆ ಕೈ ಸೇರುತ್ತಿತ್ತು. "ಮುಂದಿನ ವಾರ ಬನ್ನಿ, ಟ್ರಯಲ್ ನೋಡೋಣ" ಎನ್ನುವುದು ಅವನಿಗೆ ಬಾಯಿಪಾಠವಾಗಿತ್ತು. ಆದರೂ ಜನ ಬೈದುಕೊಂಡೇ ಅವನ ಹತ್ತಿರ ಬರುತ್ತಿದ್ದರು. ಏಕೆಂದರೆ ತಡವಾಗಿ ಬಂದ ಬಟ್ಟೆ ಮೈಮೇಲೆ ಬಿತ್ತೆಂದರೆ ಒಂದು ಎಳೆಯಷ್ಟೂ ಆಚೀಚೆ ಇರುತ್ತಿರಲಿಲ್ಲ. ಅವನ ಅಳತೆ ಅಂದರೆ ಅಳತೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಡೆದ ರಾದ್ಧಾಂತಕ್ಕೆಲ್ಲ ಇದೇ ಮೂಲ.

ಬಟ್ಟೆ ತಡವಾಗುವುದಕ್ಕೆ ಕಾರಣ ಅಂಗಡಿಯ ಹಿಂದಿನ ಕೋಣೆಯಲ್ಲಿತ್ತು. ಅಲ್ಲಿ ಗೋಡೆಯಿಂದ ಗೋಡೆಗೆ ಒಂದು ಮೇಜು, ಮೇಜಿನ ತುಂಬ ಪುಟ್ಟ ರೈಲು. ಆಟಿಕೆ ರೈಲು ಎಂದೀರಿ, ಜೋಕೆ. ಹಾಗೆಂದ ಗಿರಾಕಿಯೊಬ್ಬನ ಪ್ಯಾಂಟು ಇನ್ನೂ ಕತ್ತರಿ ಕಂಡಿಲ್ಲ. ಹಳೆಯ ಕಾಲೊರಸಿನಿಂದ ಗೋಧಿ ಹೊಲ, ಹೆಂಡತಿಯ ಮುಖ ನೋಡುವ ಕನ್ನಡಿಯಿಂದ ಸರೋವರ, ಕರಿ ದಾರದಿಂದ ವಿದ್ಯುತ್ ತಂತಿ. ಸರೋವರವಾದ ಮೇಲೆ ಹೆಂಡತಿ ಬೇರೆ ಕನ್ನಡಿ ಕೊಂಡಳು, ಅದನ್ನು ಬೀಗ ಹಾಕಿ ಇಟ್ಟಳು. ಮೇಜಿನ ನಡುವೆ ಒಂದು ಬೆಟ್ಟ, ಬೆಟ್ಟದ ಹೊಟ್ಟೆಯಲ್ಲಿ ಸುರಂಗ. ಬೆಟ್ಟಕ್ಕೆ ಬೇಕಾದ ಗಾರೆಯನ್ನು ಹಲ್ಲಿನ ಅಚ್ಚು ತೆಗೆಯುವ ಡಬ್ಬಿಯಿಂದ ಕೊಟ್ಟವನು ಎದುರು ಬೀದಿಯ ಹಲ್ಲಿನ ಡಾಕ್ಟರ್, ಟೈಲರ್‌ನ ಜೀವದ ಗೆಳೆಯ. ಅಂದರೆ, ಆಗ ಗೆಳೆಯ.

ಆ ಊರಿನ ಪುಟ್ಟ ರೈಲು ಸಂಘದವರು ವರ್ಷಕ್ಕೊಮ್ಮೆ ಪ್ರವಾಸ ಹೊರಡುತ್ತಾರೆ. ಬೆಟ್ಟ, ಸರೋವರ, ಸೇತುವೆ ಎಲ್ಲ ನೋಡಿಕೊಂಡು ಸಂಜೆಗೆ ಮನೆ ಸೇರುತ್ತಾರೆ. ಊರು ಮಾತ್ರ ಬಿಡುವುದಿಲ್ಲ. ಒಂದು ವ್ಯಾನು ಗೊತ್ತು ಮಾಡಿಕೊಂಡು ಒಬ್ಬ ಸದಸ್ಯನ ಮನೆಯಿಂದ ಇನ್ನೊಬ್ಬನ ಮನೆಗೆ ಹೋಗಿ, ಅವರವರ ಮೇಜಿನ ಮೇಲಿನ ಬೆಟ್ಟ ಸರೋವರ ನೋಡುವುದೇ ಪ್ರವಾಸ. ನಿಜ ಹೇಳಬೇಕೆಂದರೆ ಪ್ರವಾಸ ಮಾಡುವವರು ಇವರೂ ಅಲ್ಲ, ಇವರ ಬೊಂಬೆಗಳು. ಪ್ರತಿ ಸದಸ್ಯನೂ ತನ್ನದೇ ಹೋಲಿಕೆಯ ಒಂದು ಬೊಂಬೆ ಮಾಡಿಕೊಂಡಿರಬೇಕು, ಹೆಬ್ಬೆರಳ ಗೆಣ್ಣಿನಷ್ಟು ಎತ್ತರ. ಮನೆಯವನು ಅದರ ಕಾಲಡಿಗೆ ಒಂದು ಚೂರು ಮೇಣ ಹಚ್ಚಿ ತನ್ನ ರೈಲಿನಲ್ಲಿ ನಿಲ್ಲಿಸಿ, ಪೂರ್ತಿ ಒಂದು ಸುತ್ತು ತೋರಿಸಿಕೊಂಡು ಬರಬೇಕು. ಬಂದ ಬೊಂಬೆ ರೈಲಿನಲ್ಲೇ ಹೊರಡಬೇಕು, ಕೈಯಲ್ಲಿ ಎತ್ತಿಕೊಂಡು ಹೋಗುವಂತಿಲ್ಲ ಎನ್ನುವುದು ಸಂಘದ ನಿಯಮ. ಮನೆಯಲ್ಲಿ ಮಕ್ಕಳ ಹುಟ್ಟಿದ ದಿನ ಮರೆಯುವ ಜನ ಈ ನಿಯಮ ಮಾತ್ರ ಮರೆಯುವುದಿಲ್ಲ.

ಮೂರು ವರ್ಷದ ಹಿಂದೆ ಪ್ರವಾಸ ಟೈಲರ್ ಮನೆಗೆ ಬಂದಿತ್ತು. ಡಾಕ್ಟರ್ ಹೊಸದಾಗಿ ಕೊಂಡ ಉದ್ದನೆಯ ಹಸಿರು ಎಂಜಿನ್ ತಂದಿದ್ದ. ಅದು ಗೆಳೆಯನ ಹಳಿಯ ಮೇಲೆ ಜಂಬದಿಂದ ಓಡಿ, ಸುರಂಗದ ತಿರುವಿನಲ್ಲಿ ಕಚ್ಚಿಕೊಂಡು ನಿಂತುಬಿಟ್ಟಿತು.

"ನಿನ್ನ ಎಂಜಿನ್ ದಪ್ಪ ಆಯ್ತು ಕಣೋ" ಎಂದ ಟೈಲರ್.

"ಎಂಜಿನ್ ಸರಿಯಾಗೇ ಇದೆ. ನಿನ್ನ ಅಳತೆ ತಪ್ಪಿದೆ" ಎಂದ ಡಾಕ್ಟರ್.

ಟೈಲರ್‌ನನ್ನು ಕಳ್ಳ ಅನ್ನಿ, ನಕ್ಕು ಸುಮ್ಮನಾಗುತ್ತಾನೆ. ಅಳತೆ ತಪ್ಪಿದೆ ಅನ್ನಬಾರದು. ಅದೂ ಸಂಘದವರೆಲ್ಲರ ಎದುರು. "ನಿನಗೇನಯ್ಯ ಗೊತ್ತು ಅಳತೆ? ಕೀಳೋದು ಬಿಟ್ಟು ಇನ್ನೇನು ಬರುತ್ತೆ ನಿನಗೆ?" ಎಂದುಬಿಟ್ಟ. ಡಾಕ್ಟರ್ ಮುಖ ಬಿಳಿಚಿಕೊಂಡಿತು. ಎಂಜಿನ್ ಎಳೆದು ಕಂಕುಳಲ್ಲಿಟ್ಟುಕೊಂಡು, ತಿರುಗಿಯೂ ನೋಡದೆ ಹೊರಟುಹೋದ. ಅವನ ಬೊಂಬೆ ಟೈಲರ್‌ನ ಪ್ಲಾಟ್‌ಫಾರ್ಮಿನ ಮೇಲೆ, ಕೈಯಲ್ಲಿ ಪೆಟ್ಟಿಗೆ ಹಿಡಿದು ಬರದ ರೈಲಿಗೆ ಕಾಯುತ್ತ ಉಳಿಯಿತು.

ಅಂದಿನಿಂದ ಮಾತಿಲ್ಲ. ಎದುರಾದರೆ ಒಬ್ಬ ಬೀದಿಯ ಆ ಬದಿ, ಒಬ್ಬ ಈ ಬದಿ.

ಟೈಲರ್‌ನ ಹೊಟ್ಟೆಯೊಳಗೆ ಎರಡು ಗುಟ್ಟುಗಳಿದ್ದವು. ಮೊದಲನೆಯದು, ಜಗಳದ ಮರುದಿನವೇ ಅವನು ಟೇಪು ಹಿಡಿದು ಸುರಂಗ ಅಳೆದಿದ್ದ. ತಪ್ಪು ಅವನದೇ. ತಿರುವಿನಲ್ಲಿ ಉದ್ದನೆಯ ಎಂಜಿನ್ನಿನ ಸೊಂಟ ಹೊರಕ್ಕೆ ಬರುತ್ತದೆ; ಅವನು ನೆಟ್ಟಗೆ ಓಡುವ ರೈಲಿನ ಅಳತೆ ಹಿಡಿದಿದ್ದ. ನಿಂತಾಗಿನ ಅಳತೆ ಬೇರೆ, ಕೂತಾಗಿನ ಅಳತೆ ಬೇರೆ ಎಂದು ಪ್ಯಾಂಟು ಹೊಲಿಯುವವನಿಗೆ ಯಾರಾದರೂ ಹೇಳಿಕೊಡಬೇಕೆ? ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಸುರಂಗದ ಒಳಗೋಡೆಯನ್ನು ಉಳಿಯಲ್ಲಿ ಕೆತ್ತಿ ಅಗಲ ಮಾಡಿದ. ಕೆತ್ತಿದ್ದು ಹೊರಗೆ ಕಾಣದಂತೆ ಸುರಂಗದ ಬಾಯಿಯ ಅಂಚಿಗೆ ಪೊದೆ ಅಂಟಿಸಿದ. ಹೆಂಡತಿಗೂ ಹೇಳಲಿಲ್ಲ.

ಎರಡನೆಯದು ಇನ್ನೂ ನಾಚಿಕೆಯದು. ಆ ಪ್ಲಾಟ್‌ಫಾರ್ಮು ಕಿಟಕಿಯ ಕೆಳಗಿತ್ತು. ಚಳಿ ಶುರುವಾದಾಗ ಕಿಟಕಿಯ ಸಂದಿಯಿಂದ ಗಾಳಿ ಬಂದು ಬೊಂಬೆಯ ಮೇಲೆ ಬೀಸುವುದು ಟೈಲರ್‌ಗೆ ನೋಡಲಾಗಲಿಲ್ಲ. ಗಿರಾಕಿಯ ಕೋಟಿನಲ್ಲಿ ಉಳಿದ ಕಪ್ಪು ಉಣ್ಣೆ ಬಟ್ಟೆಯ ಚೂರು ತೆಗೆದು, ಬೊಂಬೆಗೊಂದು ಕೋಟು ಹೊಲಿದ. ಕಾಲರು, ಅಸ್ತರು, ಎಲ್ಲ. ಜೀವಮಾನದಲ್ಲಿ ಅವನು ಟ್ರಯಲ್ ಕೇಳದೆ ಮುಗಿಸಿದ ಬಟ್ಟೆ ಅದೊಂದೇ.

ಗೆಳೆಯ ಹೋದ ಮೇಲೆ ಹಲ್ಲೂ ಕೈಕೊಟ್ಟಿತು. ಬಲದವಡೆ ತಿಂಗಳುಗಟ್ಟಲೆ ನೋಯುತ್ತಿತ್ತು. ಹೆಂಡತಿ, "ರೀ, ಊರಲ್ಲಿ ಇನ್ನೊಬ್ಬ ಹಲ್ಲಿನ ಡಾಕ್ಟರ್ ಇಲ್ವಾ?" ಎಂದರೆ, "ಇದ್ದಾನೆ, ಅವನ ಕೈ ಒರಟು" ಎನ್ನುತ್ತಿದ್ದ. ಅವನ ಕೈಯನ್ನು ಇವನು ಕಂಡಿದ್ದೇ ಇಲ್ಲ. ಎಡಗಡೆಯಲ್ಲೇ ಅಗಿದು ಅಗಿದು ಮುಖ ಒಂದು ಕಡೆಗೆ ವಾಲಿದಂತೆ ಕಾಣುತ್ತಿತ್ತು.

ಸರದಿಯ ಪ್ರಕಾರ ಈ ವರ್ಷ ಪ್ರವಾಸ ಮತ್ತೆ ಟೈಲರ್ ಮನೆಗೆ ಎಂದು ಗೊತ್ತಾಯಿತು. ಸಂಘದ ಅಧ್ಯಕ್ಷರೇ ಬಂದು ಹೇಳಿದರು. ಅಧ್ಯಕ್ಷರು ದೊಡ್ಡ ಮನುಷ್ಯ, ಕತ್ತಿನಲ್ಲಿ ಸದಾ ಸೀಟಿ. ನಿಜವಾದ ರೈಲು ಹತ್ತಿದರೆ ಮಾತ್ರ ಹೊಟ್ಟೆ ತೊಳಸುತ್ತದೆ, ಹಾಗಾಗಿ ಹತ್ತುವುದಿಲ್ಲ.

"ಡಾಕ್ಟರೂ ಬರ್ತಾರಂತೆ" ಎಂದರು ಅಧ್ಯಕ್ಷರು. ಟೈಲರ್ ತಲೆ ಎತ್ತಿದ. "ಅವರ ಬೊಂಬೆ ವಾಪಸ್ ತಗೊಂಡು, ಸಂಘಕ್ಕೆ ರಾಜೀನಾಮೆ ಕೊಡ್ತಾರಂತೆ."

ಟೈಲರ್ ಸೂಜಿಗೆ ದಾರ ಪೋಣಿಸುತ್ತ, "ಧಾರಾಳವಾಗಿ ತಗೊಂಡು ಹೋಗಲಿ" ಎಂದ. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಬೊಂಬೆ ಇಲ್ಲಿರುವಷ್ಟು ದಿನ ಗೆಳೆಯ ಒಂದಲ್ಲ ಒಂದು ದಿನ ಬರಲೇಬೇಕು ಎಂದು ಅವನು ನಂಬಿದ್ದ. ಅದೂ ಹೋದರೆ ಮುಗಿಯಿತು, ಅವನು ಬರುವುದಕ್ಕೆ ನೆಪವೇ ಉಳಿಯುವುದಿಲ್ಲ.

ಪ್ರವಾಸದ ದಿನ ಬೆಳಿಗ್ಗೆ ಕೋಟು ಬಿಚ್ಚೋಣವೆಂದು ಬೊಂಬೆಯನ್ನು ಕೈಗೆತ್ತಿಕೊಂಡ. ಬಿಚ್ಚಲು ಬರಲಿಲ್ಲ. ಅಷ್ಟು ಭದ್ರವಾಗಿ ಹೊಲಿದಿದ್ದ, ಕತ್ತರಿಸಿಯೇ ತೆಗೆಯಬೇಕು. ಕತ್ತರಿ ಹಿಡಿದ, ಇಟ್ಟ. ಮತ್ತೆ ಹಿಡಿದ. ಅಷ್ಟರಲ್ಲಿ ಹೊರಗೆ ವ್ಯಾನಿನ ಸದ್ದಾಯಿತು.

ಹಿಂದಿನ ಕೋಣೆ ಜನರಿಂದ ತುಂಬಿತು. ಎಲ್ಲರಿಗಿಂತ ಕೊನೆಗೆ ಡಾಕ್ಟರ್ ಬಂದು ಬಾಗಿಲಲ್ಲೇ ಕೈಕಟ್ಟಿ ನಿಂತ.

"ನಮಸ್ಕಾರ. ಚೆನ್ನಾಗಿದ್ದೀರಾ?" ಎಂದ.

ಬೈದಿದ್ದರೂ ಟೈಲರ್‌ಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಹೋಗೋ ಬಾರೋ ಎನ್ನುತ್ತಿದ್ದವನು ಬಹುವಚನದಲ್ಲಿ ಮಾತಾಡಿಸಿದರೆ ಏನು ಮಾಡುವುದು? "ನಿಮ್ಮ ಆಶೀರ್ವಾದ" ಎಂದು ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ಡಾಕ್ಟರ್‌ನ ಪ್ಯಾಂಟು ಬಿತ್ತು. ಸಿದ್ಧ ಉಡುಪಿನ ಅಂಗಡಿಯದು. ಸೊಂಟದಲ್ಲಿ ನೆರಿಗೆ, ಕಾಲಿನ ಬುಡದಲ್ಲಿ ಎರಡು ಮಡಿಕೆ. ಬೀದಿಗೊಬ್ಬ ಟೈಲರ್ ಇದ್ದರೂ ಇವನು ಯಾರ ಹತ್ತಿರವೂ ಹೋಗಿಲ್ಲ! ಟೈಲರ್‌ಗೆ ನೋಯುವ ದವಡೆಯಲ್ಲೂ ನಗು ಬಂತು, ಕಷ್ಟಪಟ್ಟು ನುಂಗಿಕೊಂಡ.

ಬೊಂಬೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೇ ತಂದು, ರೈಲಿನ ಕೊನೆಯ ಗಾರ್ಡ್ ಡಬ್ಬಿಯ ಮೊಗಸಾಲೆಯಲ್ಲಿ, ಕೋಟು ಕಾಣದಂತೆ ಮಾಡಿನ ನೆರಳಿಗೆ ಸರಿಸಿ ನಿಲ್ಲಿಸಿದ. ಮೇಣ ಹಚ್ಚಲಿಲ್ಲ. ಮರೆತೆ ಎಂದು ಆಮೇಲೆ ಹೇಳಬಹುದು, ಆದರೆ ಮರೆತಿರಲಿಲ್ಲ. ಮೊದಲ ತಿರುವಿನಲ್ಲೇ ಬೊಂಬೆ ಹೊಲಕ್ಕೆ ಬೀಳುತ್ತದೆ, 'ಅಯ್ಯೋ ಕಾಲಿಗೆ ಪೆಟ್ಟಾಯಿತು, ರಿಪೇರಿ ಮಾಡಿ ಕಳಿಸುತ್ತೇನೆ' ಎಂದರೆ ಇನ್ನಷ್ಟು ದಿನ ಸಿಗುತ್ತದೆ ಎನ್ನುವುದು ಅವನ ಲೆಕ್ಕ. ಪಾಪ, ಕೆಲಸ ಮುಂದೂಡುವುದೊಂದೇ ಅವನಿಗೆ ಗೊತ್ತಿದ್ದ ಉಪಾಯ.

ಅಧ್ಯಕ್ಷರು ಸೀಟಿ ಊದಿದರು. ರೈಲು ಹೊರಟಿತು.

"ಪ್ರಯಾಣಿಕರೇ, ನಿಮ್ಮ ಎಡಕ್ಕೆ ವಿಶಾಲವಾದ ಗೋಧಿ ಹೊಲ!" ಎಂದು ಅಧ್ಯಕ್ಷರು ಕಾಗದದ ಕಹಳೆಯಲ್ಲಿ ಕೂಗಿದರು. "ಬಲಕ್ಕೆ ಸರೋವರ! ಸರೋವರದಲ್ಲಿ..." ಬಗ್ಗಿ ನೋಡಿದರು. "ಸರೋವರದಲ್ಲಿ ನಾನು!"

ಮೊದಲ ತಿರುವು ಬಂತು. ಬೊಂಬೆ ಬೀಳಲಿಲ್ಲ. ಎರಡನೆಯದರಲ್ಲೂ ಬೀಳಲಿಲ್ಲ. ಉಣ್ಣೆಯ ಕೋಟು ಮೊಗಸಾಲೆಯ ಅಡ್ಡಕಂಬಿಗೆ ಸಿಕ್ಕಿಕೊಂಡು ಗಟ್ಟಿಯಾಗಿ ಹಿಡಿದಿತ್ತು. ಟೈಲರ್ ಬೆವರಿದ. ರೈಲು ಸುರಂಗ ಹೊಕ್ಕು, ಸುತ್ತಿ, ಆ ಕಡೆಯಿಂದ ಹೊರಬಂತು. ಗಾರ್ಡ್ ಡಬ್ಬಿ ಖಾಲಿ!

"ಪ್ರಯಾಣಿಕ ಸುರಂಗದಲ್ಲಿ ಇಳಿದುಬಿಟ್ಟರು!" ಎಂದು ಅಧ್ಯಕ್ಷರು ಕಹಳೆಯಲ್ಲೇ ಗಾಬರಿಪಟ್ಟರು.

ಟೈಲರ್‌ಗೆ ಜೀವವೇ ಹಾರಿತು. ಬೀಳಬಾರದ ಜಾಗದಲ್ಲೇ ಬಿದ್ದಿತ್ತು. ಅಲ್ಲಿ ಕೈ ಹಾಕಿದವನಿಗೆ ಎರಡು ಗುಟ್ಟೂ ಒಟ್ಟಿಗೇ ಸಿಗುತ್ತವೆ. "ಇರಲಿ ಬಿಡಿ, ನಾನು ನಿಧಾನವಾಗಿ ತೆಗೆದು..." ಎನ್ನುವಷ್ಟರಲ್ಲಿ ಡಾಕ್ಟರ್ ಬಾಗಿಲು ಬಿಟ್ಟು ಬಂದ. ಬೇರೆಯವರ ಜೇಬಿನಲ್ಲಿ ಪೆನ್ನಿರುವಂತೆ ಅವನ ಜೇಬಿನಲ್ಲಿ ಬಾಯಿ ನೋಡುವ ಪುಟ್ಟ ಕನ್ನಡಿ ಸದಾ ಇರುತ್ತಿತ್ತು. ಅದನ್ನೂ ಒಂದು ಚಿಮಟವನ್ನೂ ಹಿಡಿದು, ಅಂಗಾತ ಮಲಗಿ ಮೇಜಿನ ಕೆಳಗೆ ತೂರಿದ. ಬೆಟ್ಟದ ಅಡಿ ಪೊಳ್ಳು. ಕೆಳಗಿನಿಂದ ಕೈ ಹಾಕಲು ಒಂದು ಕಿಂಡಿ ಇತ್ತು.

"ಟಾರ್ಚ್ ಹಿಡಿಯೋರು ಯಾರು?" ಎಂದ ಕೆಳಗಿನಿಂದ.

ಟೈಲರ್‌ನ ಹೆಂಡತಿ ಗಂಡನ ಕೈಗೆ ಟಾರ್ಚ್ ಕೊಟ್ಟು ಬೆನ್ನಿಗೆ ಒಂದು ನೂಕು ನೂಕಿದಳು.

ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಮೇಜಿನ ಕೆಳಗೆ ಮಲಗಿದರು. ಟಾರ್ಚಿನ ಬೆಳಕು ಕಿಂಡಿಯೊಳಗೆ ಬಿತ್ತು. ಕನ್ನಡಿ ಸುರಂಗದ ಗೋಡೆಯ ಮೇಲೆ ಮೆಲ್ಲಗೆ ಓಡಾಡಿತು, ಒಂದು ಕಡೆ ನಿಂತಿತು. ಉಳಿಯ ಗುರುತು ಒಂದೊಂದೂ ಎದ್ದು ಕಾಣುತ್ತಿತ್ತು, ಬೆರಳಗಲ ಕೆತ್ತಿದ್ದು. ಗಾರೆ ಕೊಟ್ಟವನಿಗೆ ಗಾರೆಯ ಗುರುತು ತಿಳಿಯದೆ ಇರುತ್ತದೆಯೇ? ಟೈಲರ್ ಕಣ್ಣು ಮುಚ್ಚಿಕೊಂಡ. ಈಗ ಇವನು ಕೂಗಿ ಹೇಳುತ್ತಾನೆ, ಸಂಘವೆಲ್ಲ ನಗುತ್ತದೆ, ಅದೂ ನ್ಯಾಯವೇ ಎಂದುಕೊಂಡ.

"ಡಾಕ್ಟರೇ, ಏನು ಕಾಣ್ತಿದೆ?" ಎಂದು ಅಧ್ಯಕ್ಷರು ಮೇಲಿನಿಂದ ಕೇಳಿದರು.

ಡಾಕ್ಟರ್ ಕನ್ನಡಿಯನ್ನು ಆ ಗುರುತಿನಿಂದ ಪಕ್ಕಕ್ಕೆ ಸರಿಸಿದ. "ಏನೂ ಇಲ್ಲ. ಸುರಂಗ ಸರಿಯಾಗಿದೆ" ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಅಳತೆ ಸರಿಯಾಗಿದೆ" ಎಂದ.

ಟೈಲರ್ ಕಣ್ಣು ಬಿಟ್ಟ. ಟಾರ್ಚಿನ ಬೆಳಕು ಅಲ್ಲಾಡತೊಡಗಿತು.

"ನೆಟ್ಟಗೆ ಹಿಡಿಯೋ" ಎಂದು ಡಾಕ್ಟರ್ ಗದರಿದ. ಆ 'ಹಿಡಿಯೋ' ಕೇಳಿ ಟೈಲರ್‌ಗೆ ಬೆಳಕನ್ನು ನೆಟ್ಟಗೆ ಹಿಡಿಯುವುದು ಇನ್ನೂ ಕಷ್ಟವಾಯಿತು.

ಚಿಮಟ ಒಳಗೆ ಹೋಗಿ ಬೊಂಬೆಯನ್ನು ಹಿಡಿದುಕೊಂಡು ಬಂತು. ಡಾಕ್ಟರ್ ಅದನ್ನು ಎದೆಯ ಮೇಲೆ ನಿಲ್ಲಿಸಿ ನೋಡಿದ. ಕಾಲರು ಮುಟ್ಟಿದ. ಅಸ್ತರು ತಿರುವಿ ನೋಡಿದ. ಕಾಲಡಿ ಬೆರಳಾಡಿಸಿ, ಮೇಣವಿಲ್ಲದ್ದನ್ನೂ ಕಂಡುಕೊಂಡ.

"ಇದೇನೋ?"

"ಕಿಟಕಿ ಹತ್ರ ಚಳಿ ಜಾಸ್ತಿ" ಎಂದ ಟೈಲರ್.

ಡಾಕ್ಟರ್ ಆ ಕಡೆ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡ. ಮತ್ತೆ ಈ ಕಡೆ ತಿರುಗಿದವನು ಗೆಳೆಯನ ಮುಖವನ್ನೇ ದಿಟ್ಟಿಸಿದ. "ಈ ಕೆನ್ನೆ ಯಾಕೋ ಊದಿದೆ? ಬಾಯಿ ತೆಗಿ."

"ಈಗ ಬೇಡ್ವೋ, ಎಲ್ಲ ಇದ್ದಾರೆ..."

"ತೆಗಿ ಅಂದ್ರೆ ತೆಗಿ!"

ಮೇಲೆ ನಿಂತವರಿಗೆ ಮೇಜಿನ ಕೆಳಗಿನಿಂದ ನಾಲ್ಕು ಕಾಲುಗಳು ಮಾತ್ರ ಕಾಣುತ್ತಿದ್ದವು. "ಆ..." ಎನ್ನುವ ನರಳಾಟ ಕೇಳಿ ಅಧ್ಯಕ್ಷರು ಹೊಡೆದಾಟವೇ ಎಂದು ಸೀಟಿ ಊದಿದರು. ಟೈಲರ್‌ನ ಹೆಂಡತಿ ಬಗ್ಗಿ ನೋಡಿ, "ಏನಿಲ್ಲ, ಹಲ್ಲು ನೋಡ್ತಿದ್ದಾರೆ. ಎಲ್ಲ ಕಾಫಿ ಕುಡೀರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೊನೆಗೆ ಇಬ್ಬರೂ ಧೂಳು ಕೊಡವಿಕೊಂಡು ಹೊರಬಂದರು. ಡಾಕ್ಟರ್ ಬೊಂಬೆಯನ್ನು ಅಂಗೈ ಮೇಲಿಟ್ಟುಕೊಂಡು ಎಲ್ಲರಿಗೂ ತೋರಿಸಿದ. ಕೋಟು ನೋಡಿ ಕೋಣೆಯೆಲ್ಲ ಆಹಾ ಎಂದಿತು. ಟೈಲರ್‌ಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

"ಸರಿ, ಡಾಕ್ಟರು ಬೊಂಬೆ ತಗೊಂಡು ಹೊರಡ್ತಾರಾ?" ಎಂದರು ಅಧ್ಯಕ್ಷರು. "ರಾಜೀನಾಮೆ ವಿಷಯ..."

ಡಾಕ್ಟರ್ ಬೊಂಬೆಯ ಕೈಯನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ ನೋಡಿದ. "ಹೇಗೆ ತಗೊಂಡು ಹೋಗಲಿ? ತೋಳು ಉದ್ದ ಆಗಿದೆ" ಎಂದ.

ಅಧ್ಯಕ್ಷರ ಕೈ ಸೀಟಿಗೆ ಹೋಯಿತು. ತೋಳು ಒಂದು ಎಳೆಯಷ್ಟೂ ಉದ್ದವಿರಲಿಲ್ಲ. ಅದು ಟೈಲರ್‌ಗೆ ಗೊತ್ತು, ಡಾಕ್ಟರ್‌ಗೂ ಗೊತ್ತು. ಟೈಲರ್ ಗೆಳೆಯನ ಮುಖ ನೋಡಿದ, ನೆರಿಗೆ ಬಿದ್ದ ಪ್ಯಾಂಟು ನೋಡಿದ.

"ಹೌದಲ್ಲ, ಅಳತೆ ತಪ್ಪಿದೆ" ಎಂದ. "ಬಿಟ್ಟು ಹೋಗು. ಮುಂದಿನ ವಾರ ಬಾ, ಟ್ರಯಲ್ ನೋಡೋಣ."

ಹಲ್ಲು ಮರುದಿನವೇ ಸರಿಹೋಯಿತು. ಡಾಕ್ಟರ್ ಹೇಳಿದ ದಿನಕ್ಕೆ ಕೆಲಸ ಮಾಡುವವನು. ಬೊಂಬೆ ಮಾತ್ರ ಕೋಟು ತೊಟ್ಟುಕೊಂಡು ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದೆ. ಮುಂದಿನ ವಾರ ಡಾಕ್ಟರ್ ಹಸಿರು ಎಂಜಿನ್ ಹಿಡಿದುಕೊಂಡು ಬಂದ, ತೋಳು ಆಗಿರಲಿಲ್ಲ. ಅದರ ಮುಂದಿನ ವಾರವೂ ಬಂದ, ಆಗಲೂ ಆಗಿರಲಿಲ್ಲ. ಈಗಲೂ ವಾರವಾರ ಬರುತ್ತಾನೆ, "ಆಯ್ತೇನೋ?" ಎಂದು ಕೇಳುತ್ತಾನೆ, ಇಲ್ಲವೆನಿಸಿಕೊಂಡು ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಟೈಲರ್‌ನ ತಡವನ್ನು ಬೈಯದ ಗಿರಾಕಿ ಆ ಬೀದಿಯಲ್ಲಿ ಅವನೊಬ್ಬನೇ.