ಮೊದಲ ಹಾಳೆಯ ಅಮ್ಮ

ಫೋಟೋ ತೊಳೆಸಲು ಅರ್ಧ ದಿನದ ಸಂಬಳ ಹೋಯಿತು. ಲ್ಯಾಮಿನೇಷನ್‌ಗೆ ಒಂದು ದಿನದ್ದು, ಸ್ಪೈರಲ್ ಹಾಕಿಸಲು ಮತ್ತರ್ಧ. ಎರಡು ದಿನ ರೋಗಿಗಳ ಸೇವೆ ಮಾಡಿ ಗಳಿಸಿದ್ದು ಎಂಟು ಹಾಳೆಯ ಪುಸ್ತಕವಾಗಿ ನರ್ಸಮ್ಮನ ಕೈಗೆ ಬಂತು. ಸ್ಟುಡಿಯೋದವನು ಒಳ್ಳೆಯವನು, ಮಗುವಿನ ಕಣ್ಣಿಗೆ ಚುಚ್ಚೀತೆಂದು ಮೂಲೆಗಳನ್ನು ದುಂಡಗೆ ಕತ್ತರಿಸಿಕೊಟ್ಟ, ಅದಕ್ಕೆ ಕಾಸು ಕೇಳಲಿಲ್ಲ.

ಹತ್ತು ತಿಂಗಳ ಮಗಳನ್ನು ಬಿಟ್ಟು ಎಂಟು ತಿಂಗಳ ತರಬೇತಿಗೆ ದೂರದ ಆಸ್ಪತ್ರೆಗೆ ಹೊರಟಿದ್ದಳು. ನಡುವೆ ರಜೆ ಹಾಕಿದರೆ ಕೆಲಸ ಕಾಯಂ ಆಗುವುದಿಲ್ಲ. ಗಂಡನ ದುಡಿಮೆ ಮನೆ ಬಾಡಿಗೆಗೇ ಸರಿಹೋಗುತ್ತಿತ್ತು. ಮಗು ತನ್ನ ಮುಖ ಮರೆಯಬಾರದು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅದಕ್ಕೇ ಮೊದಲ ಹಾಳೆಯಲ್ಲಿ ತಾನು, ಎರಡನೆಯದರಲ್ಲಿ ಅಪ್ಪ, ಮೂರನೆಯದರಲ್ಲಿ ಗಂಡನ ಅಕ್ಕ, ಅಂದರೆ ಮಗುವಿನ ಅತ್ತೆ. ಉಳಿದವು ಬೆಕ್ಕು, ಬಕೆಟ್ಟು, ಚಪ್ಪಲಿ, ಇಂಥವೇ.

ಮಕ್ಕಳಿಲ್ಲದ ಆ ಅಕ್ಕನ ಮಡಿಲಿಗೇ ಮಗುವನ್ನೂ ಪುಸ್ತಕವನ್ನೂ ಹಾಕಿದಳು.

"ದಿನಾ ತೋರಿಸಿ ಅಕ್ಕ. ಬೆರಳಿಟ್ಟು ಹೇಳಿಕೊಡಿ."

"ಆಯ್ತಮ್ಮ. ನನಗೇನು, ಹೆತ್ತಿದ್ದು ಹತ್ತು ಇದ್ಯಾ ನೋಡ್ಕೊಳ್ಳೋಕೆ?"

ಎರಡನೇ ವಾರಕ್ಕೇ ವಿಡಿಯೋ ಕಾಲ್ ನಿಂತಿತು. "ಫೋನಲ್ಲಿ ನಿನ್ನ ಮುಖ ಕಂಡ್ರೆ ಮಗು ರಚ್ಚೆ ಹಿಡಿಯುತ್ತೆ ಕಣೇ. ಪುಸ್ತಕ ಇದೆಯಲ್ಲ, ಬಿಡು" ಎಂದಳು ಅಕ್ಕ. ನರ್ಸು ಎದೆ ಕಲ್ಲು ಮಾಡಿಕೊಂಡು ಒಪ್ಪಿದಳು.

ಕಾಯಂ ಆದ ಕಾಗದ ಹಿಡಿದು ಮನೆಗೆ ಬಂದ ದಿನ ಮಗು ಅಕ್ಕನ ಕಾಲು ತಬ್ಬಿ ನಿಂತಿತ್ತು. ಪುಸ್ತಕ ಚಾಪೆಯ ಮೇಲೆ ಬಿದ್ದಿತ್ತು. ಅಂಚಿಗೆಲ್ಲ ಹಲ್ಲಿನ ಗುರುತು, ಹಾಳೆಗೆಲ್ಲ ಜೊಲ್ಲಿನ ಕಲೆ. ಅಷ್ಟು ಸವೆದದ್ದು ಕಂಡು ಅವಳಿಗೆ ಹಿಗ್ಗೋ ಹಿಗ್ಗು. ಅಕ್ಕ ಮಾತು ಉಳಿಸಿಕೊಂಡಿದ್ದಾಳೆ!

ಕೂತು ಮೊದಲ ಹಾಳೆ ತೆರೆದಳು. "ಪುಟ್ಟಿ, ಇದ್ಯಾರು ಹೇಳು?"

ಮಗು ಬಂದು ಬೆರಳಿಟ್ಟಿತು. "ಅತ್ತೆ."

ಆಮೇಲೆ ತಾನೇ ಹಾಳೆ ಮಗುಚಿ, ಮೂರನೆಯದಕ್ಕೆ ಮುತ್ತಿಟ್ಟು, "ಅಮ್ಮ" ಎಂದು ಅಕ್ಕನತ್ತ ತಿರುಗಿ ನಕ್ಕಿತು.

"ಏನಕ್ಕ ಇದು?"

"ದಿನಾ ತೋರಿಸು ಅಂದೆ, ತೋರಿಸ್ದೆ. ಒಂದು ದಿನ ತಪ್ಪಿಸಿಲ್ಲ."

"ನನ್ನನ್ನ ಅತ್ತೆ ಅಂತ ಕಲಿಸಿದ್ದೀರಲ್ಲ!"

"ಜ್ವರ ಬಂದಾಗ ಎತ್ಕೊಂಡು ತಿರುಗಿದ್ದು ಫೋಟೋನಾ? ನಿನಗೇನಮ್ಮ, ಇನ್ನೊಂದು ಹೆತ್ಕೋ. ನನಗೆಲ್ಲಿ ಸಿಗುತ್ತೆ?"

ನರ್ಸು ಪಕ್ಕದಲ್ಲೇ ನಿಂತಿದ್ದ ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ?"

"ಮಗು ಬಾಯಿ, ಏನೋ ಅನ್ನುತ್ತೆ. ದೊಡ್ಡದು ಮಾಡಬೇಡ. ನಾಳೆ ನೀನು ಡ್ಯೂಟಿಗೆ ಹೋದ್ರೆ ನೋಡ್ಕೊಳ್ಳೋಳು ಅವಳೇ ತಾನೇ?"

ಅವಳು ಮೊದಲ ಹಾಳೆಯನ್ನು ಮತ್ತೆ ಮಗುವಿನ ಮುಂದೆ ಹಿಡಿದಳು. "ಅಮ್ಮ. ಹೇಳು, ಅಮ್ಮ."

"ಅತ್ತೆ."

"ಅಲ್ಲ ಕಂದ, ಅಮ್ಮ!"

ದನಿ ಏರಿದ್ದಕ್ಕೆ ಮಗುವಿನ ತುಟಿ ನಡುಗಿತು. ಬಿಕ್ಕುತ್ತ ಓಡಿಹೋಗಿ ಅಕ್ಕನ ಸೆರಗಿನಲ್ಲಿ ಮುಖ ಹುದುಗಿಸಿತು.

"ಅತ್ತೆ ಗದರಿದ್ಲಾ ಬಂಗಾರ? ಬಾ, ಅಮ್ಮ ಇದ್ದೀನಿ" ಎಂದು ಅಕ್ಕ ಅವಳ ಕಣ್ಣೆದುರಿಗೇ ಮಗುವನ್ನು ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಏಳಕ್ಕೆ ನರ್ಸು ಊರಿನ ಆಸ್ಪತ್ರೆಗೆ ಡ್ಯೂಟಿಗೆ ಹೋದಳು. ಕೆಲಸ ಕಾಯಂ ಆಗಿತ್ತು, ಸಂಬಳ ಒಂದೂವರೆ ಪಟ್ಟಾಗಿತ್ತು. ಮಗಳಿಗೆ ಮಾತ್ರ ಅವಳು ಅತ್ತೆಯಾಗಿಯೇ ಉಳಿದಳು.